ಕುರಿಯ ಬೆನ್ನ ಮೇಲಿನ ಮಗ್ಗಿ

ನನಗೆ ರೇಣಮ್ಮನನ್ನು ಕಂಡರೆ ಆಗುವುದಿಲ್ಲ. ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಇದನ್ನು ನಾನೇ ನನ್ನ ಕೈಯಿಂದ ಬರೆಯುತ್ತಿದ್ದೇನೆ. ಬರೆದಿಟ್ಟ ಮೇಲೆ ಅವಳು ಓದುತ್ತಾಳೆ, ಓದಿ ಎಲ್ಲಿ ತಪ್ಪಿದೆ ಎಂದು ಹುಡುಕುತ್ತಾಳೆ, ಅದೂ ಗೊತ್ತು. ಹುಡುಕಲಿ. ಅವಳು ನನ್ನ ಸವತಿ.

ನಮ್ಮದು ಕುರಿ ಸಾಕುವವರ ಮನೆ. ನಮ್ಮಲ್ಲಿ ಗಂಡಸು ಎರಡು ಮದುವೆಯಾದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಹಿಂಡಿಗೊಬ್ಬಳು, ಮನೆಗೊಬ್ಬಳು ಎಂದು ಲೆಕ್ಕ. ದೀಪಾವಳಿ ಮುಗಿದ ಮೇಲೆ ಹಿಂಡು ಊರು ಬಿಟ್ಟರೆ ತಿರುಗಿ ಬರುವುದು ಕಾರಹುಣ್ಣಿಮೆಗೆ. ಅಷ್ಟು ದಿನ ಹೆಂಡತಿಯೊಬ್ಬಳು ಕುದುರೆಯ ಮೇಲೆ ಗಡಿಗೆ, ಕುರಿ ಕೂಡುವ ಬಲೆ, ಎಳೆಮರಿ ಹೇರಿಕೊಂಡು ಗಂಡನ ಹಿಂದೆ ನಡೆಯಬೇಕು. ಗೊಬ್ಬರ ಬೇಕಾದ ರೈತರ ಹೊಲದಲ್ಲಿ ರಾತ್ರಿ ಹಿಂಡು ತರುಬಿ ನಿಲ್ಲಿಸಬೇಕು, ಮೂರು ಕಲ್ಲು ಹೂಡಿ ರೊಟ್ಟಿ ಸುಡಬೇಕು. ಆ ಹೆಂಡತಿ ನಾನು. ಮಕ್ಕಳಾಗಲಿಲ್ಲ ಎಂಬ ನೆಪ ಸಿಕ್ಕದ್ದೇ ನನ್ನ ಗಂಡ ದೇವಿಂದ್ರಪ್ಪ ರೇಣಮ್ಮನನ್ನು ತಂದು ಮನೆಯಲ್ಲಿ ಕೂರಿಸಿದ. ಅವಳಿಗೂ ಮಕ್ಕಳಾಗಲಿಲ್ಲ. ಆಗ ಊರಿನ ಬಾಯಿ ತಾನಾಗಿ ಮುಚ್ಚಿತು, ನನ್ನ ಹೊಟ್ಟೆಯೂ ಒಂದಿಷ್ಟು ತಣ್ಣಗಾಯಿತು.

ಅಷ್ಟರಲ್ಲಿ ಕಾಲುವೆ ಬಂತು. ಶಿರವಾಳದ ಕಡೆ ನಾವು ಕುರಿ ಮೇಯಿಸುತ್ತಿದ್ದ ಬೀಳು ಭೂಮಿಯೆಲ್ಲ ಭತ್ತದ ಗದ್ದೆಯಾಯಿತು. ಹಿಂಡು ವರ್ಷವರ್ಷಕ್ಕೂ ಇನ್ನಷ್ಟು ದೂರ ಹೋಗಬೇಕಾಯಿತು. ಅಂದರೆ ಕಾಲುವೆಯಿಂದ ನನಗೆ ಸಿಕ್ಕದ್ದು ಹೆಚ್ಚಿನ ನಡಿಗೆ. ರೇಣಮ್ಮನಿಗೆ ಸಿಕ್ಕದ್ದು ಶಾಲೆ. ನಮ್ಮ ಊರಿಗೆ ಹತ್ತಿರವೇ ಇರುವ ಭೀಮರಾಯನಗುಡಿಯಲ್ಲಿ, ಕಾಲುವೆ ಕೆಲಸದವರ ಕ್ಯಾಂಪಿನಲ್ಲಿ, ಒಬ್ಬ ಗುಮಾಸ್ತರ ಹೆಂಡತಿ ಪಾರ್ವತಿಬಾಯಿ ಅಂತ ಇದ್ದರು. ಮಧ್ಯಾಹ್ನ ಊಟವಾದ ಮೇಲೆ ಸುತ್ತಲಿನ ಹೆಂಗಸರನ್ನು ಪಡಸಾಲೆಯಲ್ಲಿ ಕೂಡಿಸಿಕೊಂಡು ಓದು ಬರಹ ಹೇಳಿಕೊಡುತ್ತಿದ್ದರು. ನಾನು ಕೃಷ್ಣಾ ದಂಡೆಯಲ್ಲಿ ಮುಳ್ಳು ತುಳಿಯುತ್ತಿದ್ದಾಗ ಈ ಮಹಾರಾಣಿ ಅಲ್ಲಿ ನೆರಳಲ್ಲಿ ಕುಳಿತು ಒತ್ತಕ್ಷರ ಕಲಿಯುತ್ತಿದ್ದಳು.

ನನಗೆ ಅದು ಗೊತ್ತಾದದ್ದು ಶಹಾಪುರದ ಬಸ್ ನಿಲ್ದಾಣದಲ್ಲಿ. ಯಾದಗಿರಿ ಹತ್ತಿರದ ಅಬ್ಬೆತುಮಕೂರಿನ ಮಠಕ್ಕೆ ಹೋಗೋಣವೆಂದು ಮೂವರೂ ಹೊರಟಿದ್ದೆವು. ಬಸ್ಸೊಂದು ಬಂತು. ನಾನು ಸೀರೆ ಎತ್ತಿ ಕಟ್ಟಿಕೊಂಡು ನುಗ್ಗಿದೆ. ಹಿಂದಿನಿಂದ ರೇಣಮ್ಮ ನನ್ನ ಸೆರಗು ಹಿಡಿದಳು.

"ಅಕ್ಕಾ, ಅದು ಸುರಪುರಕ್ಕ ಹೋಗ್ತೈತಿ. ಯಾದಗಿರಿದು ಹಿಂದ ನಿಂತೈತಿ ನೋಡು."

"ನಿನಗ್ಯಾರು ಹೇಳಿದ್ರು?"

"ಬೋರ್ಡಿನ ಮ್ಯಾಲ ಬರದೈತಲ್ಲ."

ದೇವಿಂದ್ರಪ್ಪ ಮೀಸೆಯಲ್ಲೇ ನಕ್ಕು, "ನಮ್ಮ ರೇಣಿ ಓದಾಕ ಕಲ್ತಾಳ" ಎಂದು ಪಕ್ಕದವರಿಗೆ ಕೇಳುವ ಹಾಗೆ ಹೇಳಿದ. ಯಾದಗಿರಿ ಮುಟ್ಟುವವರೆಗೂ ಅವಳು ದಾರಿಯ ಅಂಗಡಿಗಳ ಬೋರ್ಡುಗಳನ್ನು ತನ್ನಷ್ಟಕ್ಕೆ ಓದಿಕೊಳ್ಳುತ್ತಿದ್ದಳು. ಗೊಬ್ಬರದ ಅಂಗಡಿ, ಸೈಕಲ್ ಅಂಗಡಿ, ಔಷಧದ ಅಂಗಡಿ. ನಾನು ಅದೇ ಕಿಟಕಿಯಿಂದ ನೋಡಿದೆ. ನನಗೆ ಕಂಡದ್ದು ಬರೀ ಬಣ್ಣ. ಮೈಯೆಲ್ಲ ಉರಿಯಿತು. ಮಠದಲ್ಲಿ ಕೈ ಮುಗಿದು ನಿಂತಾಗಲೂ ಮನಸ್ಸಿನಲ್ಲಿ ಅದೇ ಉರಿ. ಗಂಡ ಅವಳನ್ನು ಹೊಗಳಿದ್ದಕ್ಕೆ ನಾನು ಮುಖ ಊದಿಸಿಕೊಂಡಿದ್ದೇನೆ ಎಂದು ಊರವರೆಲ್ಲ ಅಂದುಕೊಂಡರು, ಅವನೂ ಅಂದುಕೊಂಡ. ಗಂಡನನ್ನು ಬೇಕಾದರೆ ಪೂರ್ತಿ ಅವಳೇ ಇಟ್ಟುಕೊಳ್ಳಲಿ. ನನಗೆ ಬೇಕಾಗಿದ್ದದ್ದು ಆ ಓದು.

ಮರುದಿನವೇ ಪಾರ್ವತಿಬಾಯಿಯವರ ಪಡಸಾಲೆಯಲ್ಲಿ ಹೋಗಿ ಕುಳಿತೆ. ಚಿಕ್ಕಂದಿನಲ್ಲಿ ಎರಡು ವರ್ಷ ಶಾಲೆಗೆ ಹೋದವಳು ನಾನು, ಅಪ್ಪ ಹಿಂಡಿನ ಹಿಂದೆ ಕಳಿಸಿದ್ದರಿಂದ ಎಲ್ಲ ಮರೆತುಹೋಗಿತ್ತು. ಅದನ್ನೇ ಮೊದಲಿನಿಂದ ಹಿಡಿದೆ. ಆದರೆ ಮಳೆಗಾಲದಲ್ಲಿ ಕಲಿತದ್ದನ್ನು ಬೇಸಿಗೆಯ ಅಲೆದಾಟದಲ್ಲಿ ಮರೆಯುತ್ತಿದ್ದೆ. ಹೀಗೆ ಎರಡು ವರ್ಷ ನಡೆಯಿತು. ಮೂರನೇ ಮಳೆಗಾಲದಲ್ಲಿ ಪಾರ್ವತಿಬಾಯಿ ಎಲ್ಲರೆದುರಿಗೆ, "ರೇಣಮ್ಮ ಈ ವರ್ಷ ಏಳನೇ ಕ್ಲಾಸಿನ ಪರೀಕ್ಷಾಕ್ಕ ಕೂಡ್ತಾಳ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮಲಕಮ್ಮಾ, ನೀನೂ ಇಲ್ಲೇ ಇದ್ದಿದ್ರ ಕೂಡಬಹುದಿತ್ತು. ಆದ್ರ ನೀ ಹಿಂಡಿನ ಸಂಗಟ ಹೋಗಾಕಿ, ಏನು ಮಾಡಾಕ ಬರ್ತದ" ಎಂದರು. ಅವರ ದನಿಯಲ್ಲಿ ಕನಿಕರವಿತ್ತು. ಆ ಕನಿಕರ ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ದೀಪಾವಳಿಯ ಮರುದಿನ ದೇವಿಂದ್ರಪ್ಪ ಕುದುರೆಗೆ ಹೇರು ಹೇರುತ್ತಿದ್ದ. ನಾನು ಕಟ್ಟೆಯಿಂದ ಏಳಲಿಲ್ಲ.

"ಈ ಸಲ ನಾ ಬರಂಗಿಲ್ಲ" ಎಂದೆ. "ಕಾಲುವೆ ನೀರಿಗೂ ಪಾಳಿ ಐತಿ. ತುದಿ ಹೊಲದವಂಗೂ ಒಂದಿನ ನೀರು ಬಿಡ್ತಾರ. ಮನಿ ನೆಳ್ಳಿಗೂ ಪಾಳಿ ಆಗಲಿ. ರೇಣಿ ಹೋಗಲಿ ಹಿಂಡಿಗೆ."

ರೇಣಮ್ಮನ ಮುಖ ಬಿಳಿಚಿತು. ಪರೀಕ್ಷೆ ಇದ್ದದ್ದು ಬೇಸಿಗೆಯಲ್ಲಿ, ಹಿಂಡು ದೂರವಿರುವ ಹೊತ್ತಿನಲ್ಲಿ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಅವಳು ಗಂಡನ ಮುಖ ನೋಡಿದಳು. ಅವನಿಗೆ ಒಳಗೊಳಗೇ ಖುಷಿ.

"ನನ್ನ ಸಲುವಾಗಿ ಹಿಂಗ ಇಬ್ಬರೂ ಜಗಳಾಡಬ್ಯಾಡ್ರಿ" ಎಂದ. "ಹಿರಿಯಾಕಿ ಮಾತೂ ಒಮ್ಮೆ ನಡೀಲಿ. ರೇಣಿ, ನಡಿ."

ಅವಳು ಪುಸ್ತಕಗಳನ್ನು ಬಟ್ಟೆಯ ಗಂಟಿನಲ್ಲಿ ತುರುಕಿಕೊಂಡು ಹೋದಳು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು, ಜಗಳವಾಡಿ ಗೆದ್ದ ಸುಖವಾದರೂ ಸಿಗುತ್ತಿತ್ತು.

ನಾನು ಪರೀಕ್ಷೆಗೆ ಹೆಸರು ಕೊಟ್ಟೆ. ರೇಣಮ್ಮನ ಹೆಸರು ಮೊದಲೇ ಹೋಗಿತ್ತು. ಬೆಳಿಗ್ಗೆ ಗದ್ದೆಯಲ್ಲಿ ನಾಟಿ ಕೂಲಿ, ಮಧ್ಯಾಹ್ನ ಓದು. ಬೆನ್ನು ಬಿಲ್ಲಾಗಿ ಬಗ್ಗಿದ್ದರೂ ಬಾಯಲ್ಲಿ ಮಗ್ಗಿ ನಿಲ್ಲಿಸುತ್ತಿರಲಿಲ್ಲ. ನಾಟಿಯ ಸಾಲಿನ ಹೆಂಗಸರು ನನಗೆ ತಲೆ ಕೆಟ್ಟಿದೆ ಎಂದು ನಗುತ್ತಿದ್ದರು. ಅದನ್ನೆಲ್ಲ ತಡೆದುಕೊಂಡೆ. ತಡೆಯಲಾಗದ್ದು ಒಂದೇ. ನಾನು ಯಾವ ಲೆಕ್ಕ ಬಿಡಿಸಿ ತೋರಿಸಿದರೂ ಪಾರ್ವತಿಬಾಯಿ, "ಇದನ್ನ ರೇಣಮ್ಮ ಒಂದ ಸಲಕ್ಕ ಮಾಡ್ತಿದ್ಲು" ಎನ್ನುತ್ತಿದ್ದರು. ಊರಲ್ಲಿ ಇಲ್ಲದವಳು ಪಡಸಾಲೆಯಲ್ಲಿ ನನ್ನ ಪಕ್ಕದಲ್ಲೇ ಕುಳಿತಿರುತ್ತಿದ್ದಳು.

ಬೇಸಿಗೆ ಹತ್ತಿರ ಬಂತು. ಮನೆಯಲ್ಲಿರುವವರು ಆಗಾಗ ಹಿಂಡಿನವರಿಗೆ ಜೋಳದ ಹಿಟ್ಟು, ಖಾರ, ಎಣ್ಣೆ ಮುಟ್ಟಿಸಬೇಕು, ಅದು ನಮ್ಮಲ್ಲಿ ನಡೆದುಬಂದದ್ದು. ಹಿಂಡು ಆಗ ಸುರಪುರದ ಗುಡ್ಡದ ಆಚೆ ಇತ್ತು. ಹಿಟ್ಟಿನ ಗಂಟು ಹೊತ್ತು ಬಸ್ ಹತ್ತಿದೆ. ಬೋರ್ಡು ನಾನೇ ಓದಿ ಹತ್ತಿದೆ. ಆದರೆ ಅದನ್ನು ನೋಡಲು ರೇಣಮ್ಮ ಇರಲಿಲ್ಲವಲ್ಲ, ಅದೊಂದು ಕೊರತೆ.

ಬಸ್ ಇಳಿದು ಹೊಲದ ದಾರಿ ಹಿಡಿದು ಹೋದಾಗ ಎದುರಿಗೆ ಬಂದ ಕುರಿಗಳನ್ನು ನೋಡಿ ನಿಂತುಬಿಟ್ಟೆ. ಉಣ್ಣೆ ಕತ್ತರಿಸಿದ ಕುರಿಗಳ ಕರಿ ಬೆನ್ನು ಬರೆಯುವ ಪಾಟಿಯ ಹಾಗೆ ಕಾಣುತ್ತದೆ. ಬೇರೆಯವರ ಹಿಂಡಿನಲ್ಲಿ ಬೆರೆತರೆ ಗುರುತು ಸಿಗಲಿ ಎಂದು ಅದರ ಮೇಲೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಯುವುದು ನಮ್ಮ ಮನೆಯ ಪದ್ಧತಿ. ಆ ದಿನ ಗೆರೆ ಇರಲಿಲ್ಲ, ಅಂಕಿಗಳಿದ್ದವು. ಒಂದು ಕುರಿಯ ಮೇಲೆ ೬×೯=೫೪. ಇನ್ನೊಂದರ ಮೇಲೆ ೭×೭=೪೯. ಹಿಂಡಿಗೆ ಹಿಂಡೇ ಮಗ್ಗಿಯನ್ನು ಹೊತ್ತುಕೊಂಡು ಹುಲ್ಲು ಮೇಯುತ್ತಿತ್ತು.

ದೇವಿಂದ್ರಪ್ಪ ಗೊಣಗಿದ. "ನೋಡು ಈಕಿ ಮಾಡಿದ ಕೆಲಸ. ಗೆರಿ ಎಳಿ ಅಂತ ಬಣ್ಣದ ಡಬ್ಬಿ ಕೊಟ್ರ ಶಾಲಿ ತೆರದಾಳ. ಬಾಜೂ ಹಿಂಡಿನವರು ನನಗ ಮಾಸ್ತರ ಅಂತ ಕರಿಯಾಕತ್ತಾರ."

ನನಗೆ ಆದ ಸಂಕಟ ಹೇಳಲಾರೆ. ನೆರಳು, ಪಾಟಿ, ಪಾಠ ಹೇಳುವ ಬಾಯೋರು ಎಲ್ಲವನ್ನೂ ಅವಳಿಂದ ಕಿತ್ತುಕೊಂಡಿದ್ದೆ. ಆದರೂ ಓದು ಅವಳ ಹಿಂದೆಯೇ ಹೋಗಿತ್ತು. ಕುರಿಗಳ ಬೆನ್ನಿಗೆ ಮಣ್ಣು ಉಜ್ಜಿ ಎಲ್ಲ ಅಳಿಸಿಬಿಡೋಣ ಅನ್ನಿಸಿತು. ಹಿಟ್ಟಿನ ಗಂಟು ಇಳಿಸಿ ಹಿಂಡಿನೊಳಗೆ ನುಗ್ಗಿದೆ. ನುಗ್ಗಿದವಳು ಅಳಿಸಲಿಲ್ಲ, ಓದಲು ಶುರು ಮಾಡಿದೆ. ಒಂದೊಂದೇ ಬೆನ್ನು, ಎಲ್ಲವೂ ಸರಿ. ಹೊಟ್ಟೆ ಉರಿಯುತ್ತಲೇ ಮುಂದಕ್ಕೆ ಹೋದೆ. ಕೊನೆಗೆ ಒಂದು ಕುಂಟ ಟಗರಿನ ಹತ್ತಿರ ಬಂದಾಗ ನನ್ನ ಜೀವಕ್ಕೆ ತಂಪಾಯಿತು.

"ರೇಣೀ, ಇಲ್ಲಿ ಬಾ" ಎಂದು ಕೂಗಿದೆ. "ಎಂಟೇಳ್ಲೆ ಎಷ್ಟು ಬರದೀ ಇದರ ಮ್ಯಾಲ?"

ಅವಳು ಬಂದು ನೋಡಿದಳು. ಬಿಸಿಲಿಗೆ ಕಪ್ಪಾಗಿದ್ದಳು, ಹಿಮ್ಮಡಿ ಒಡೆದಿತ್ತು. ತುಟಿ ಅಲ್ಲಾಡಿಸಿ ಲೆಕ್ಕ ಹಾಕಿದಳು.

"ಐವತ್ತಾರು ಆಗಬೇಕು. ಐವತ್ತೆಂಟು ಬರದೀನಿ."

"ಹೌದು. ಐವತ್ತಾರು."

ಅವಳು ಟಗರಿನ ಕೊಂಬು ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದಳು. ಅಳುತ್ತಾಳೇನೋ ಅಂದುಕೊಂಡೆ. ಅಳಲಿಲ್ಲ. ತಲೆ ಎತ್ತಿ ನನ್ನನ್ನು ನೋಡಿದ ನೋಟದಲ್ಲಿ ಬೆಂಕಿ ಇತ್ತು.

"ನೀ ನನ್ನ ಜಾಗಾದಾಗ ಕುಂತಿ, ನನ್ನ ಬಾಯೋರ ಮುಂದ ಕುಂತಿ. ನನಗಿಲ್ಲಿ ತಪ್ಪು ಹೇಳವರು ಒಬ್ಬರಿಲ್ಲ. ಇಷ್ಟು ದಿನ ಆ ತಪ್ಪನ್ನ ಬಾಯಿಪಾಠ ಮಾಡೀನಿ ಅಕ್ಕಾ. ನಿನ್ನ ನೆನಿಸಿದ್ರ ನನಗ ರೊಟ್ಟಿ ಇಳಿಯಂಗಿಲ್ಲ."

ಅದನ್ನು ಕೇಳಿ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ನನ್ನ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿತ್ತು. ನಾನೊಬ್ಬಳೇ ಪರೀಕ್ಷೆ ಬರೆದು ಪಾಸಾದರೆ ಪಾರ್ವತಿಬಾಯಿ ಏನು ಹೇಳುತ್ತಾರೆ? ರೇಣಮ್ಮ ಕೂತಿದ್ದರೆ ನಿನಗಿಂತ ಹೆಚ್ಚು ತೆಗೆಯುತ್ತಿದ್ದಳು ಎನ್ನುತ್ತಾರೆ. ಸಾಯುವವರೆಗೂ ಹಾಗೇ ಎನ್ನುತ್ತಾರೆ. ಇವಳು ಕುರಿ ಕಾಯುತ್ತಲೇ ನನ್ನನ್ನು ಸೋಲಿಸಿಬಿಡುತ್ತಾಳೆ.

"ಏಳು, ನಡಿ ಊರಿಗೆ" ಎಂದೆ. "ಪರೀಕ್ಷಾ ಬರಿ."

ಅವಳು ನಂಬಲಿಲ್ಲ. "ಯಾಕ?"

"ನೀ ಬರೀದಿದ್ರ ನಾ ಯಾರನ್ನ ಸೋಲಿಸಲಿ?"

ದೇವಿಂದ್ರಪ್ಪ ಕೋಲು ಊರಿಕೊಂಡು ನಡುವೆ ಬಂದ. "ಇಬ್ಬರೂ ಹೋದ್ರ ಹಿಂಡು ಯಾರು ನೋಡಬೇಕು? ರೊಟ್ಟಿ ಯಾರು ಬಡೀಬೇಕು?"

ನಾನು ಬಾಯಿ ತೆರೆಯುವ ಮೊದಲೇ ರೇಣಮ್ಮ ಕೇಳಿದಳು. "ಕುರಿ ಯಾರವ್ರಿ?"

"ಯಾರವಂದ್ರ? ನನ್ನವು. ನಮ್ಮಪ್ಪನ ಕಾಲದಿಂದ ನನ್ನವು."

"ಹಂಗಾರ ನೀವ ನೋಡ್ರಿ."

ಆ ಮಾತು ನನ್ನ ಬಾಯಿಂದ ಬರಬೇಕಿತ್ತು. ಅದನ್ನೂ ಅವಳೇ ಹೇಳಿಬಿಟ್ಟಳು. ನಾನು ಮಾಡಲು ಉಳಿದದ್ದು ಒಂದೇ, ಹಿಟ್ಟಿನ ಗಂಟನ್ನು ಅವನ ಕಾಲ ಹತ್ತಿರ ಸರಿಸಿದೆ. ಅವನು ಕೂಗಾಡಿದ, ತವರಿಗೆ ಅಟ್ಟುತ್ತೇನೆ ಎಂದ, ಮೂರನೆಯವಳನ್ನು ತರುತ್ತೇನೆ ಎಂದ. ನಾವು ಆಗಲೇ ಬಸ್ಸಿನ ದಾರಿ ಹಿಡಿದಿದ್ದೆವು. ಬಸ್ಸು ಹತ್ತಿ ಕುಳಿತೆವು. ಅವಳು ಪುಸ್ತಕ ತೆರೆದಿದ್ದಳು. ನನ್ನ ಪುಸ್ತಕ ಮನೆಯಲ್ಲಿತ್ತು. ಅವಳದ್ದನ್ನೇ ಓರೆಗಣ್ಣಿನಿಂದ ಓದಿದೆ. ಅದು ತಿಳಿದು ಅವಳು ಹಾಳೆಯನ್ನು ಬೇಗ ಬೇಗ ಮಗುಚಿದಳು.

ಪರೀಕ್ಷೆ ಕ್ಯಾಂಪಿನ ಶಾಲೆಯಲ್ಲಿ. ಸಣ್ಣ ಹುಡುಗಿಯರ ನಡುವೆ ನಾವಿಬ್ಬರು ಗುಡ್ಡದ ಹಾಗೆ ಕುಳಿತಿದ್ದೆವು. ಮೊದಲ ದಿನ ಕನ್ನಡ. ನನ್ನ ಬೆವರಿಗೆ ಪೆನ್ನು ಜಾರುತ್ತಿತ್ತು. ಗೊತ್ತಿದ್ದದ್ದನ್ನೆಲ್ಲ ಬರೆದೆ. ಕೊನೆಗೆ ನಿಮ್ಮ ಮನೆಯ ಬಗ್ಗೆ ಪ್ರಬಂಧ ಬರೆಯಿರಿ ಎಂದಿತ್ತು. ನಾಲ್ಕು ಸಾಲು ಬರೆದೆ, ಸಾಕು ಅನ್ನಿಸಿತು, ಪೆನ್ನು ಕೆಳಗಿಟ್ಟೆ. ಅಷ್ಟರಲ್ಲಿ ಮುಂದಿನ ಬೆಂಚಿನಿಂದ ರೇಣಮ್ಮ ಎದ್ದುನಿಂತು, "ಇನ್ನೊಂದು ಹಾಳಿ ಕೊಡ್ರಿ ಸರ್" ಎಂದಳು.

ನಾನೂ ತಟ್ಟನೆ ಎದ್ದೆ. "ನನಗೂ ಕೊಡ್ರಿ."

ತೆಗೆದುಕೊಂಡೇನೋ ಆಯಿತು, ಖಾಲಿ ಹಾಳೆ ತಿರುಗಿ ಕೊಡುವುದು ಹೇಗೆ? ಬರೆಯಲೇಬೇಕಾಯಿತು. ಅಪ್ಪ ನನ್ನ ಪಾಟಿಯನ್ನು ಕಸಿದು ಕೈಗೆ ಕೋಲು ಕೊಟ್ಟದ್ದನ್ನು ಬರೆದೆ. ಹಡೆಯಲಿಲ್ಲ ಎಂದು ಊರು ಆಡಿಕೊಂಡದ್ದನ್ನು ಬರೆದೆ. ಬಸ್ಸಿನ ಕಿಟಕಿಯಿಂದ ಬರೀ ಬಣ್ಣ ಕಂಡದ್ದನ್ನು ಬರೆದೆ. ಇಷ್ಟೆಲ್ಲ ನನ್ನೊಳಗೆ ಇತ್ತೆಂದು ನನಗೇ ಗೊತ್ತಿರಲಿಲ್ಲ. ಹಾಳೆ ತುಂಬಿತು, ಮತ್ತೊಂದು ಕೇಳಿದೆ. ಗಂಟೆ ಬಾರಿಸಿದಾಗ ಮೇಲ್ವಿಚಾರಕರು ನನ್ನ ಕೈಯಿಂದ ಎಳೆದುಕೊಳ್ಳಬೇಕಾಯಿತು.

ಹೊರಗೆ ಬರುತ್ತಲೇ ರೇಣಮ್ಮ ಕೇಳಿದಳು. "ಎಷ್ಟು ಹಾಳಿ ತಗೊಂಡಿ ಅಕ್ಕಾ?"

"ಎರಡು."

ಅವಳು ತೆಗೆದುಕೊಂಡದ್ದು ಒಂದು. ಅವಳ ಮುಖ ಸಣ್ಣಗಾಯಿತು.

ಗೇಟಿನ ಹತ್ತಿರ ದೇವಿಂದ್ರಪ್ಪ ನಿಂತಿದ್ದ. ಪಕ್ಕದ ಹಿಂಡಿನವರಿಗೆ ಕುರಿ ಒಪ್ಪಿಸಿ ಬಂದಿದ್ದನಂತೆ. ಗಡ್ಡ ಬಂದಿತ್ತು, ಬೆರಳೆಲ್ಲ ರೊಟ್ಟಿ ಬಡಿದು ಸುಟ್ಟಿದ್ದವು. "ಹಿಂಡಿಗೆ ಯಾರು ಬರ್ತೀರಿ?" ಎಂದು ಕೇಳಿದ.

"ನಾಳಿಗಿ ಗಣಿತ" ಎಂದಳು ರೇಣಮ್ಮ, ನನ್ನ ಕಡೆ ನೋಡದೆ. ಹೇಳಿದವಳೇ ಸೀರೆ ಎತ್ತಿ ಕಟ್ಟಿ ಊರಿನ ದಾರಿಯಲ್ಲಿ ಬಿರಬಿರನೆ ಹೆಜ್ಜೆ ಹಾಕಿದಳು.

ರಾತ್ರಿ ಓದಲು ಮನೆಯಲ್ಲಿ ಇದ್ದದ್ದು ಒಂದೇ ಚಿಮಣಿ ದೀಪ. ನಾನು ಓಡಿದೆ.