ಓದದೆ ಉಳಿದ ಚೀಟಿ

ತರಗತಿಯಲ್ಲಿ ಆಟ ಆಡಿಸುವುದೆಂದರೆ ನನಗೆ ಮೊದಲಿನಿಂದಲೂ ಮೈಯುರಿ. ಪಾಠ ಮಾಡಲು ಬಾರದವರು ಆಟ ಆಡಿಸುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವಂತೆಯೇ ಹೇಳುತ್ತಿದ್ದೆ. ಅದಕ್ಕೇ ಇರಬೇಕು, ಊಟದ ಹೊತ್ತಿಗೆ ಉಳಿದ ಟೀಚರುಗಳೆಲ್ಲ ದೊಡ್ಡ ಮೇಜಿನ ಸುತ್ತ ಸೇರಿದರೆ, ನಾನು ಮಾತ್ರ ಕಿಟಕಿ ಪಕ್ಕದ ಪುಟ್ಟ ಮೇಜಿನಲ್ಲಿ ಡಬ್ಬಿ ಬಿಚ್ಚುತ್ತಿದ್ದೆ. ಮನೆಯಲ್ಲೂ ಒಂದೇ ತಟ್ಟೆ, ಇಲ್ಲೂ ಒಂದೇ ಡಬ್ಬಿ. ಅಭ್ಯಾಸವಾಗಿದೆ ಎಂದು ಹೇಳಿಕೊಳ್ಳುತ್ತಿದ್ದೆ, ಆಗಿರಲಿಲ್ಲ.

ಈ ವರ್ಷ ಹೆಡ್‌ಮಾಸ್ಟರು ಬೇಕೆಂದೇ ಆ ಆಟದ ಪೀರಿಯಡ್ಡನ್ನು ನನ್ನ ಕೊರಳಿಗೆ ಕಟ್ಟಿದರು. ಗೇಲಿ, ಫೋನಿನ ಗೀಳು, ಒಂಟಿತನ, ಅರ್ಧಕ್ಕೆ ಶಾಲೆ ಬಿಡುವುದು, ಇಂಥವನ್ನೆಲ್ಲ ಒಂಬತ್ತನೇ ತರಗತಿಯವರಿಗೆ ಉಪದೇಶ ಮಾಡದೆ ಕಲಿಸಬೇಕಂತೆ, ಎಲ್ಲರೂ ಸೇರಿ ಆಡುವ ಆಟಗಳಿಂದ. ಈ ಆಟಗಳಲ್ಲಿ ಒಬ್ಬರು ಗೆದ್ದು ಒಬ್ಬರು ಸೋಲುವುದಿಲ್ಲ. ಗೆದ್ದರೆ ಇಡೀ ತರಗತಿ, ಸೋತರೂ ಇಡೀ ತರಗತಿ.

ಮೊದಲ ಆಟಕ್ಕೆ ನೆಲದ ಮೇಲೆ ಹಳೆಯ ಪೇಪರು ಹಾಸಿದೆ. ಅದನ್ನು ಮಡಚಿ ಮಡಚಿ ಚಿಕ್ಕದು ಮಾಡುತ್ತಾ ಹೋದರೂ ಯಾರೂ ಹೊರಗೆ ಬೀಳದಂತೆ ಒಬ್ಬರನ್ನೊಬ್ಬರು ಹಿಡಿದು ನಿಲ್ಲಬೇಕು. ನನ್ನ ಪುಣ್ಯಕ್ಕೆ ಮಕ್ಕಳು ಕುಣಿದಾಡಿದರು. ಒಬ್ಬಳು ಮಾತ್ರ, ತಾನು ಗಡಿಯಾರ ಹಿಡಿದುಕೊಳ್ಳುತ್ತೇನೆ ಎಂದು ಗೋಡೆಗೆ ಒರಗಿ ನಿಂತಳು. ಎಲ್ಲಿದ್ದರೂ ಗೋಡೆಗೇ ಅಂಟಿಕೊಂಡಿರುತ್ತಾಳೆಂದು ಯಾರೋ ಅವಳಿಗೆ ಹಲ್ಲಿ ಎಂದು ಹೆಸರಿಟ್ಟಿದ್ದರು. ಈಗ ಹಾಗೆ ಕರೆಯಲೂ ಯಾರಿಗೂ ಪುರುಸೊತ್ತಿರಲಿಲ್ಲ.

ಒಂದು ಸಂಜೆ ಅವಳ ಅಣ್ಣ ಬಂದ. ವೆಲ್ಡಿಂಗ್ ಕೆಲಸದವನು, ತಂದೆತಾಯಿ ಇಲ್ಲದ ತಂಗಿಯನ್ನು ಅವನೇ ಸಾಕುತ್ತಿದ್ದ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಸೋಮವಾರದಿಂದ ಸ್ಕೂಲಿಗೆ ಹೋಗಲ್ಲ ಅಂತಿದ್ದಾಳೆ ಟೀಚರ್. ಯಾರಾದ್ರೂ ಏನಾದ್ರೂ ಅಂದ್ರಾ ಅಂತ ಕೇಳಿದೆ. ಯಾರೂ ಏನೂ ಅನ್ನಲ್ಲ, ಅದೇ ಕಷ್ಟ ಅಂದ್ಲು. ನನಗೆ ಇದೆಲ್ಲ ತಲೆಗೆ ಹೋಗಲ್ಲ."

ನನ್ನ ತಲೆಗೆ ಚೆನ್ನಾಗಿಯೇ ಹೋಯಿತು. ಮುಂದಿನ ವಾರ ಆಟದ ಪೀರಿಯಡ್ಡಿರುವ ಶುಕ್ರವಾರದವರೆಗೆ ಹೇಗಾದರೂ ಕಳಿಸು ಎಂದು ಅವನನ್ನು ಒಪ್ಪಿಸಿ, ಮನೆಗೆ ಹೋಗಿ ಹೊಸ ಆಟ ಕಟ್ಟಲು ಕೂತೆ. ಒಬ್ಬ ಹುಡುಗಿ ಇದ್ದಕ್ಕಿದ್ದಂತೆ ಶಾಲೆ ಬಿಟ್ಟಿದ್ದಾಳೆ. ಯಾಕೆ ಬಿಟ್ಟಳು ಎಂದು ತರಗತಿ ಕಂಡುಹಿಡಿಯಬೇಕು. ಪ್ರತಿಯೊಬ್ಬರಿಗೂ ಒಂದೊಂದು ಚೀಟಿ, ಚೀಟಿಯಲ್ಲಿ ಒಂದೊಂದು ಸುಳಿವು. ಚೀಟಿಯನ್ನು ಯಾರಿಗೂ ತೋರಿಸುವಂತಿಲ್ಲ. ಯಾರಾದರೂ ಕೇಳಿದರೆ ಮಾತ್ರ ಓದಿ ಹೇಳಬೇಕು, ಹೇಳಿದ ಮೇಲೆ ಡಬ್ಬದಲ್ಲಿ ಹಾಕಬೇಕು. ಅಂದರೆ ಎಲ್ಲರೂ ಎಲ್ಲರನ್ನೂ ಕೇಳಲೇಬೇಕು. ಎಲ್ಲಕ್ಕಿಂತ ಮುಖ್ಯವಾದ ಸುಳಿವನ್ನು ಗೋಡೆಯ ಹುಡುಗಿಗೆಂದು ಬರೆದೆ: "ಯಾರಾದರೂ ಒಬ್ಬರು ಮನೆಗೆ ಬಂದು ಕರೆದರೆ ಅವಳು ವಾಪಸ್ಸು ಬರುತ್ತಾಳೆ." ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಶುಕ್ರವಾರ ಹೆಡ್‌ಮಾಸ್ಟರೂ ನೋಡಲು ಬಂದು ಬಾಗಿಲಲ್ಲಿ ನಿಂತರು. ತರಗತಿ ಜೇನುಗೂಡಿನಂತೆ ಗುಂಯ್ಗುಟ್ಟಿತು. ಅವಳ ಫೀಸು ಕಟ್ಟಿದ್ದರಾ, ಆರೋಗ್ಯ ಸರಿಯಿತ್ತಾ, ಬೈಯುವ ಮೇಷ್ಟರಿದ್ದರಾ ಎಂದು ಒಬ್ಬರನ್ನೊಬ್ಬರು ಜಾಲಾಡಿದರು. ಗೋಡೆಯ ಹುಡುಗಿ ಅವತ್ತು ಗೋಡೆ ಬಿಟ್ಟು ತುಸು ಮುಂದೆ ಬಂದು ನಿಂತಿದ್ದಳು. ಕೈಯಲ್ಲಿ ಚೀಟಿ. ಹತ್ತಿರ ಯಾರಾದರೂ ಸುಳಿದರೆ ಬಾಯಿ ತೆರೆಯುವಳು. ಅವರು ದಾಟಿ ಹೋದರೆ ಮುಚ್ಚುವಳು. ಕೇಳ್ರೋ ಅವಳನ್ನ ಎಂದು ಕೂಗಿಬಿಡಬೇಕೆನಿಸಿತು. ಟೀಚರ್ ಮಧ್ಯೆ ಬಾಯಿ ಹಾಕಬಾರದೆಂಬುದು ಆಟದ ನಿಯಮ, ನಾನೇ ಮಾಡಿದ್ದು.

ಅಷ್ಟರಲ್ಲಿ ಕ್ಲಾಸ್ ಲೀಡರ್ ಬೆಂಚು ಹತ್ತಿ ನಿಂತಳು.

"ಗೊತ್ತಾಯ್ತು ಟೀಚರ್. ಕ್ಲಾಸಲ್ಲಿ ಅವಳನ್ನ ಯಾರೂ ಮಾತಾಡಿಸ್ತಾ ಇರ್ಲಿಲ್ಲ. ಅದಕ್ಕೇ ಬಿಟ್ಲು."

ಉತ್ತರ ಸರಿಯಿತ್ತು. ಹುಡುಗರು ಡೆಸ್ಕು ಬಡಿದರು, ಹೆಡ್‌ಮಾಸ್ಟರು ಚಪ್ಪಾಳೆ ತಟ್ಟಿದರು, ಬೆಲ್ಲೂ ಹೊಡೆಯಿತು. ಒಂದು ಚೀಟಿ ಕಡಿಮೆ ಇದ್ದರೂ ಆಟ ಮುಗಿಯಬಹುದೆಂದು ನನ್ನ ಬುದ್ಧಿಗೆ ಹೊಳೆದೇ ಇರಲಿಲ್ಲ. ಎಲ್ಲರೂ ಹೊರಗೆ ಓಡಿದ ಮೇಲೆ ಅವಳು ಬಂದು ತನ್ನ ಚೀಟಿಯನ್ನು ಮಡಿಕೆ ಬಿಚ್ಚದೆ ಡಬ್ಬದಲ್ಲಿ ಹಾಕಿದಳು.

"ಸರಿಯಾಗೇ ಹೇಳಿದ್ರು ಟೀಚರ್," ಎಂದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲ.

ಸೋಮವಾರ ಹಾಜರಿಗೆ ಮೊದಲು ಲೀಡರನ್ನು ಕೇಳಿದೆ, ಇವತ್ತು ಯಾರು ಬಂದಿಲ್ಲ ಎಂದು. ಅವಳು ಬೆಂಚುಗಳ ಮೇಲೆಲ್ಲ ಒಮ್ಮೆ ಕಣ್ಣಾಡಿಸಿ, ಎಲ್ಲರೂ ಬಂದಿದ್ದಾರೆ ಟೀಚರ್ ಎಂದಳು. ಗೋಡೆಯ ಹುಡುಗಿ ಬಂದಿರಲಿಲ್ಲ. ನನಗೆ ರೇಗಿಹೋಯಿತು. ಡಬ್ಬದಿಂದ ಆ ಚೀಟಿ ತೆಗೆದು ಅವಳ ಕೈಯಲ್ಲೇ ಗಟ್ಟಿಯಾಗಿ ಓದಿಸಿದೆ. ಸಂಜೆ ನನ್ನ ಜೊತೆ ಯಾರು ಬರುತ್ತೀರಿ ಎಂದೆ. ಒಬ್ಬನಿಗೆ ಟ್ಯೂಷನ್, ಒಬ್ಬಳಿಗೆ ತಮ್ಮನನ್ನು ನೋಡಿಕೊಳ್ಳುವ ಕೆಲಸ, ಲೀಡರಿಗೆ ತಲೆನೋವು. ಕೆಟ್ಟ ಮಕ್ಕಳೇನಲ್ಲ. ಆಟ ಮುಗಿದುಹೋಗಿತ್ತು, ಅಷ್ಟೇ.

ವೆಲ್ಡಿಂಗ್ ಅಂಗಡಿಯ ಮೇಲೆಯೇ ಅವರ ಮನೆ. ಮಂಡಿನೋವಿಗೆ ಶಾಪ ಹಾಕುತ್ತಾ ಕಬ್ಬಿಣದ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದವಳು ನನ್ನನ್ನು ನೋಡಿದಳು, ಆಮೇಲೆ ನನ್ನ ಹೆಗಲಿನಾಚೆ ಮೆಟ್ಟಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

"ಒಬ್ರೇ ಬಂದ್ರಾ ಟೀಚರ್?"

ಹೌದು ಎಂದೆ. ನೀನಿಲ್ಲದೆ ತರಗತಿ ಬಿಕೋ ಅನ್ನುತ್ತಿದೆ ಎಂದು ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ನಾಳೆಯಿಂದ ಬಾರಮ್ಮ ಎಂದಷ್ಟೇ ಹೇಳಿದೆ. ಅವಳು ಬಾಗಿಲಿನ ಚಿಲಕವನ್ನು ಹಿಂದೆ ಮುಂದೆ ಎಳೆದಳು. ಬರುವುದಿಲ್ಲ ಎನ್ನುತ್ತಾಳೆಂದೇ ಅಂದುಕೊಂಡೆ.

"ಸ್ಟಾಫ್ ರೂಮಿನ ಕಿಟಕಿ, ಊಟದ ಹೊತ್ತಲ್ಲಿ ನಾನು ಹೊರಗೆ ನಿಲ್ಲೋ ಗೋಡೆಯ ಎದುರಿಗೇ ಇದೆ," ಎಂದಳು. "ನೀವು ದಿನಾ ಒಬ್ರೇ ಊಟ ಮಾಡ್ತೀರ."

ನನ್ನನ್ನು ಯಾರೋ ನೋಡುತ್ತಿದ್ದಾರೆಂದು ಇಷ್ಟು ವರ್ಷಗಳಲ್ಲಿ ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಕಣ್ಣು ತುಂಬಿಬಂತು. ಕನ್ನಡಕ ಒರೆಸುವ ನೆಪದಲ್ಲಿ ತಲೆ ತಗ್ಗಿಸಿದೆ.

"ಬರ್ತೀನಿ ಟೀಚರ್," ಎಂದಳು. "ಆಟಕ್ಕಲ್ಲ. ಊಟಕ್ಕೆ."