ಸುಪ್ಪಿಯನ್ನು ಯಾರಿಗೆ ಒಪ್ಪಿಸಲಿ

ಕೆಳಗೆ ಲಾರಿಯಿಂದ ತೆಂಗಿನಕಾಯಿ ಸುರಿಯುವ ಸದ್ದು, ದಡದಡ, ನಿಂತಿತು, ಮತ್ತೆ ದಡದಡ — ಈ ಗದ್ದಲದಲ್ಲಿ ಮುದ್ದಪ್ಪ ವಕೀಲರು ಏನು ಕೇಳಿದರು, ಹೆಸರು, ಹೌದು, ಪಾಲಕರ ಹೆಸರು ಹೇಳ್ರಮ್ಮ, ನಿಮಗೇನಾದ್ರೂ ಆದ್ರೆ ಮಗು ಯಾರ ಹತ್ರ ಇರಬೇಕು ಅಂತ, ಗಂಡ ಇಲ್ಲದ ಮೇಲೆ ತಾಯಿಗೆ ಆ ಹಕ್ಕೈತೆ, ವಿಲ್‌ನಲ್ಲಿ ಬರೆದು ಇಬ್ಬರು ಸಾಕ್ಷಿ ಹಾಕಿಸಿದ್ರೆ ಆಯ್ತು. ಆಯ್ತು ಅಂದರೆ ಆಯಿತೇ, ಸೋಮವಾರ ದಾವಣಗೆರೆಯಲ್ಲಿ ನನ್ನ ಎದೆ ಸೀಳಿ ಹೃದಯದ ಕವಾಟ ಬದಲಿಸುತ್ತಾರೆ, ಡಾಕ್ಟರು ಭಯ ಬೇಡ ಎಂದಿದ್ದಾರೆ, ಭಯವೇನಿಲ್ಲ, ಲ್ಯಾಬಿನಲ್ಲಿ ದಿನವೂ ಬೇರೆಯವರ ರಕ್ತ ನೋಡುವವಳು ನಾನು, ಆದರೆ ಸುಪ್ಪಿಗೆ ಇನ್ನೂ ಒಂಬತ್ತು ವರ್ಷ, ಅವಳಪ್ಪ ದುರ್ಗೇಶ್ ಹೈವೇ ಅಪಘಾತದಲ್ಲಿ ಹೋದ ಮೇಲೆ ಅವಳಿಗಿರುವುದು ನಾನೊಬ್ಬಳೇ. ತಮ್ಮ ಹನುಮೇಶನ ಹೆಸರು ಹೇಳಿಬಿಡಬಹುದು, ಹಿರಿಯೂರಿಂದ ಭರಮಸಾಗರಕ್ಕೆ ಹೋಗಿ ಕೇಳಿಯೂ ಬಂದೆನಲ್ಲ, ಇದೇನ್ ಕೇಳೋ ಮಾತಾ ಅಕ್ಕ, ಅಡ್ಜಸ್ಟ್ ಆಗ್ತಾಳೆ ಬಿಡು, ಅವಳೇನು ಹಟ ಮಾಡೋ ಮಗೂನಾ — ಕೆಟ್ಟವನಲ್ಲ, ಅವನ ಹೆಂಡತಿಯೂ ಕೆಟ್ಟವಳಲ್ಲ, ಆದರೆ ಆ ಮಾತು ಬಸ್ಸಿನುದ್ದಕ್ಕೂ ಕಿವಿಯಲ್ಲೇ ಇತ್ತು, ಅಪ್ಪ ಸತ್ತಾಗ ಅಡ್ಜಸ್ಟ್ ಆದಳು, ಶಾಲೆ ಬದಲಿಸಿದಾಗ ಆದಳು, ಇನ್ನೆಷ್ಟು ಸಲ.

ಸುಪ್ಪಿಯನ್ನು ಕರೆದುಕೊಂಡು ಹೊರಕೆರೆದೇವಪುರಕ್ಕೆ ಯಾಕೆ ಹೋದೆನೋ, ಕಾಳಕ್ಕನ ಹತ್ತಿರ, ದುರ್ಗೇಶನ ಅಕ್ಕ, ಅವನ ಹೆಣದ ಮುಂದೆ ಎಲ್ಲರೆದುರು ನೀನು ಜಗಳ ಆಡದಿದ್ರೆ ನನ್ ತಮ್ಮ ಆ ಹೊತ್ನಾಗೆ ಬೈಕ್ ತೆಗೀತಿರ್ಲಿಲ್ಲ ಎಂದವಳು, ಅಂದಿನಿಂದ ಫೋನ್ ಮಾಡಿದರೆ ಸುಪ್ಪಿಗೆ ಕೊಡು ಎಂಬುದೊಂದೇ ಮಾತು. ನಾನು ಹೇಳುವುದನ್ನೆಲ್ಲ ಕೇಳಿದಳು, ನಿನ್ನ ಕಂಡ್ರೆ ನಂಗಾಗಲ್ಲ ಕಣೇ ಶಾಂತಿ, ಅದನ್ನ ಬಚ್ಚಿಡಲ್ಲ. ಬಚ್ಚಿಡಬೇಡಿ ಅತ್ತಿಗೆ, ನಾನಿಲ್ಲದಾಗ ಅವಳು ನನ್ನ ಬಗ್ಗೆ ಕೇಳಿದ್ರೆ ಏನ್ ಹೇಳ್ತೀರಿ, ಅಷ್ಟು ಹೇಳ್ರಿ ಸಾಕು. ಇದ್ದಂಗೇ ಹೇಳ್ತೀನಿ ಎಂದಳು, ನಿಮ್ಮವ್ವ ಜಗಳಗಂಟಿ, ಆದ್ರೆ ಎದೆನೋವು ಇಟ್ಕಂಡು ನಿಂಗೋಸ್ಕರ ಊರೂರು ಅಲೆದ್ಲು ಅಂತ. ನನಗೆ ಅಳು ಬರಲಿಲ್ಲ, ನಿರಾಳವಾಯಿತು, ಸುಳ್ಳು ಹೇಳುವುದಿಲ್ಲ ಇವಳು. ಮಗೂನ ಇಲ್ಲಿಗೆ ಎಳ್ಕಂಡ್ ಬರಬ್ಯಾಡ, ಅವಳ ಶಾಲೆ ಹಿರಿಯೂರಾಗೇ ಐತೆ, ನಾನೇ ಅಲ್ಲಿಗೆ ಬಂದಿರ್ತೀನಿ ಎಂದಳು, ಹುಟ್ಟಿದೂರು ಬಿಟ್ಟು ಒಂದು ರಾತ್ರಿ ಬೇರೆಡೆ ಮಲಗದವಳು. ವಾಪಸು ಬರುವಾಗ ಬಸ್ಸಿನಲ್ಲಿ ಸುಪ್ಪಿ ಕೇಳುತ್ತಾಳೆ, ಅಮ್ಮಾ, ನಿಂಗೆ ಹುಷಾರಾದ್ರೂ ಅತ್ತೆ ಬರ್ತಾಳಾ? ಗೊತ್ತಿಲ್ಲ ಕಂದ, ಕೇಳಾಣ.

ಹೇಳ್ರಮ್ಮ, ವಕೀಲರು ಪೆನ್ನು ಹಿಡಿದೇ ಕೂತಿದ್ದಾರೆ. ಕಾಳಕ್ಕ, ಎಂದೆ. ಏನಾಗಬೇಕು? ಮಗುವಿನ ಸೋದರತ್ತೆ. ತಮ್ಮ ಇದಾನೆ ಅಂದಿದ್ರಲ್ಲ, ಅವನಿಗೆ ಬೇಜಾರಾಗಲ್ವಾ? ಆಗುತ್ತೆ, ನಾನೇ ಹೇಳ್ತೀನಿ, ಬರ್ಕೊಳ್ರಿ. ಬರೆಯುತ್ತಿದ್ದಾರೆ, ಇನ್ನೇನೂ ಯೋಚಿಸುವುದಿಲ್ಲ, ಯೋಚಿಸಲು ಹೋದರೆ ಅದೊಂದೇ ಕಣ್ಣ ಮುಂದೆ, ಅವತ್ತು ನಾವು ಹೊರಡುವ ಮುಂಚೆ ಹೊಸ್ತಿಲ ಮೇಲೆ ಸುಪ್ಪಿಯನ್ನು ಮೊಣಕಾಲ ನಡುವೆ ಕೂರಿಸಿಕೊಂಡು ಕಾಳಕ್ಕ ತಲೆ ಬಾಚುತ್ತಾಳೆ, ನಾನಾದರೆ ಅವಸರದಲ್ಲಿ ಎಳೆದುಬಿಡುತ್ತೇನೆ, ಅವಳು ಎಡಗೈಯಲ್ಲಿ ಕೂದಲ ಬುಡ ಬಿಗಿಯಾಗಿ ಹಿಡಿದು ಆಮೇಲೆ ಸಿಕ್ಕಿಗೆ ಬಾಚಣಿಗೆ ಇಡುತ್ತಾಳೆ, ಎಳೆದದ್ದು ಮಗುವಿಗೆ ತಾಗಬಾರದೆಂದು — ಬಾಚಣಿಗೆ, ಸಿಕ್ಕು, ಬುಡ ಹಿಡಿದ ಆ ಎಡಗೈ, ಬುಡ ಹಿಡಿದ ಆ ಎಡಗೈ