ಸುಬ್ಬಲಕ್ಷ್ಮಿಗೆ ಇಂಗ್ಲಿಷ್ ಬಂದು ಹೋದದ್ದು

ತೊಂಬತ್ತೇಳರ ಆಗಸ್ಟಿನಲ್ಲಿ ಶಿರಸಿಯ ಸುಬ್ಬಲಕ್ಷ್ಮಿಗೆ ಲಕ್ವ ಹೊಡೆಯಿತು. ಆಗ ಅವಳು ಯಾರದೋ ಲಂಗಕ್ಕೆ ಅಂಚು ಹಚ್ಚುತ್ತಿದ್ದಳು. ಯಲ್ಲಾಪುರ ರಸ್ತೆಯ ಮನೆಯ ಜಗುಲಿಯಲ್ಲಿ ಇಪ್ಪತ್ತಾರು ವರ್ಷ ಹೊಲಿಗೆ ಕ್ಲಾಸು ನಡೆಸಿದವಳು. ಯಂತ್ರದ ಪಕ್ಕ ರೇಡಿಯೋ, ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಕ್ರಿಕೆಟ್ಟು ಮಾತ್ರ ಪೂರ್ತಿ ತಿಳಿಯುತ್ತಿತ್ತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇಟ್ಟುಕೊಂಡು ಕಳಿಸಿದರು. ಬಲಗೈ, ಬಲಗಾಲು ಸೋತಿದ್ದವು, ಮಾತು ನಿಂತಿತ್ತು. ಮನೆಗೆ ಬಂದ ಮೂರನೆಯ ದಿನ ಗಂಡ ಸೀತಾರಾಮ ಒಂದು ಚಮಚ ಗಂಜಿ ಬಾಯಿಗಿಟ್ಟಾಗ ಅವಳು ಮುಖ ತಿರುಗಿಸಿ, ಸ್ಪಷ್ಟವಾಗಿ ಹೇಳಿದಳು.

"ನೋ ಬಾಲ್."

ಸೀತಾರಾಮ ಸರ್ವೆ ಆಫೀಸಿನಿಂದ ನಿವೃತ್ತನಾದ ಗುಮಾಸ್ತ. ಕಾಮೆಂಟರಿ ಶುರುವಾದೊಡನೆ ಒಳಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದವ. ಗಂಜಿಗೆ ಉಪ್ಪು ಹಾಕಿಲ್ಲ ಎಂದು ಹೆಂಡತಿ ಹೇಳುತ್ತಿದ್ದಾಳೆಂದು ಅವನಿಗೆ ಹೊಳೆಯಲು ಅರ್ಧ ಗಂಟೆ ಹಿಡಿಯಿತು.

ವಾರದೊಳಗೆ ಅಂಥ ಮೂವತ್ತು ನಲವತ್ತು ಮಾತು ಹೊರಬಿದ್ದವು. ಕನ್ನಡದ್ದು ಒಂದೂ ಇಲ್ಲ. ಕೆಲವರಿಗೆ ಹೀಗೂ ಆಗುತ್ತದೆ, ಕೇಳಿ ಕೇಳಿ ಬಾಯಿಪಾಠವಾದದ್ದು ಉಳಿದುಕೊಳ್ಳುತ್ತದೆ, ನೀವೂ ಅದನ್ನೇ ಕಲಿತು ಮಾತಾಡಿಸಿ ಎಂದರು ಡಾಕ್ಟರು.

ಸೀತಾರಾಮ ಒಂದು ನೋಟ್‌ಬುಕ್ ಹಿಡಿದು ಪಕ್ಕದ ಮನೆಗೆ ಹೋದ. ಅಲ್ಲಿದ್ದವರು ಸಂಗಯ್ಯ, ಹಾವೇರಿ ಕಡೆಯಿಂದ ಬಂದ ಪಿಟಿ ಮಾಸ್ತರರು. ಅವರಿಗೆ ಗೊತ್ತಿದ್ದುದು ಕಬಡ್ಡಿ, ಖೋಖೋ. ಆದರೆ ಗೊತ್ತಿಲ್ಲ ಎಂದು ಹೇಳುವ ರೂಢಿ ಅವರಿಗಿರಲಿಲ್ಲ.

"ಬೆಳಿಗ್ಗೆಯಿಂದ ಥರ್ಡ್ ಮ್ಯಾನ್, ಥರ್ಡ್ ಮ್ಯಾನ್ ಹೇಳಿ ಹೇಳ್ತಾ ಇದ್ದು. ಅಂದ್ರೆ ಎಂತ ಮಾಸ್ತರ್ರೆ?"

"ಮೂರನೇ ಗಂಡಸು ಅಂತರೀ."

ಸೀತಾರಾಮ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. "ಎಂಗೆ ಎರಡನೆಯವ ಯಾರು ಹೇಳಿಯೇ ಗೊತ್ತಿಲ್ಲೆ" ಎಂದ.

ಇದನ್ನು ಬಿಡಿಸಿದವಳು ಸೌಮ್ಯ. ಇಡಗುಂದಿಯ ಹುಡುಗಿ, ಪಿಯುಸಿ ಮುಗಿಸಿ ನರ್ಸಿಂಗ್ ಸೇರಬೇಕೆಂದಿದ್ದವಳು, ಸುಬ್ಬಲಕ್ಷ್ಮಿಯ ಆರೈಕೆಗೆಂದು ಆ ಮನೆಯಲ್ಲೇ ಉಳಿದಿದ್ದಳು. ಅಣ್ಣಂದಿರ ಜೊತೆ ಗದ್ದೆಯಲ್ಲಿ ಆಡಿದವಳಿಗೆ ಥರ್ಡ್ ಮ್ಯಾನ್ ಅಂದರೆ ಬೆನ್ನ ಹಿಂದಿನ ಓರೆ ಜಾಗ ಎಂದು ಗೊತ್ತಿತ್ತು. ಹೋಗಿ ನೋಡಿದರೆ ಹಿತ್ತಲ ಬಾಗಿಲಲ್ಲಿ ಬೆಕ್ಕು ಹಪ್ಪಳದ ಮೇಲೆ ಮಲಗಿತ್ತು.

ವಾರಕ್ಕೆರಡು ಸಲ ತುಷಾರ ಎಂಬ ಫಿಸಿಯೋಥೆರಪಿ ಹುಡುಗಿ ಬರುತ್ತಿದ್ದಳು. "ಅಮ್ಮಂಗೆ ಸ್ಟ್ರೋಕ್ ಆಗಿ ಎಷ್ಟು ದಿನ ಆಯ್ತು?" ಎಂದು ಅವಳು ಕೇಳಿದರೆ ಸುಬ್ಬಲಕ್ಷ್ಮಿ, "ಬ್ಯೂಟಿಫುಲ್ ಸ್ಟ್ರೋಕ್" ಎನ್ನುವಳು. ರೋಗಿ ಉತ್ಸಾಹದಲ್ಲಿದ್ದಾರೆ ಎಂದು ತುಷಾರ ಬರೆದುಕೊಳ್ಳುವಳು. ತುಷಾರ ಬಳಸಿದ ಮಾತು, ಸುಬ್ಬಲಕ್ಷ್ಮಿ ಆಡಿದ ಮಾತು ಎರಡನ್ನೂ ಸೌಮ್ಯ ಒಂದೇ ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಸ್ಟ್ರೋಕ್, ರಿಕವರಿ, ಪುಲ್, ಸ್ಟ್ರೆಚ್, ರನ್ನರ್. ತಿಂಗಳಾಗುವುದರೊಳಗೆ ಯಾವುದು ಆಟದ್ದು, ಯಾವುದು ಚಿಕಿತ್ಸೆಯದು ಎಂಬುದು ಅವಳಿಗೇ ಕಲಸಿಹೋಯಿತು.

ಅಷ್ಟರಲ್ಲಿ ಲಕ್ವ ಹೊಡೆದು ಇಂಗ್ಲಿಷ್ ಬಂದಿದೆ ಎಂಬ ಸುದ್ದಿ ಹಬ್ಬಿತು. ಮೊದಲು ಸಂಗಯ್ಯ ಎಸ್ಸೆಸ್ಸೆಲ್ಸಿಯಲ್ಲಿದ್ದ ಮಗಳು ಸ್ಫೂರ್ತಿಯನ್ನು ಕರೆತಂದರು. ದೀಪಾವಳಿ ಹೊತ್ತಿಗೆ ಜಗುಲಿಯ ಮೇಲೆ ಹನ್ನೊಂದು ಮಕ್ಕಳು. ಸಿದ್ದಾಪುರದಿಂದ ಬಸ್ಸು ಹತ್ತಿ ಬರುವವರೂ ಇದ್ದರು. ಅಲ್ಲಿನ ಸಿದ್ದವ್ವ ಎಂಬ ತಾಯಿಯೊಬ್ಬಳು ಸೀತಾರಾಮನನ್ನು ಪಕ್ಕಕ್ಕೆ ಕರೆದು, ಮಗನಿಗೆ ಸಣ್ಣ ಪ್ರಮಾಣದ ಲಕ್ವ ಹೊಡೆಸಬಹುದೇ, ಆಮೇಲೆ ಪೂರಾ ಗುಣವಾಗುವಂಥದ್ದು, ಎಂದು ಕೇಳಿದಳು. ಅಂಥದ್ದು ಕೊಡುವ ಡಾಕ್ಟರು ತನಗೆ ಗೊತ್ತಿಲ್ಲ ಎಂದು ಅವನು ವಿನಯದಿಂದಲೇ ಹೇಳಿದ.

ಸುಬ್ಬಲಕ್ಷ್ಮಿ ಎಡಗೈಯಿಂದ ತೋರಿಸಿ ಹೇಳುವಳು, ಮಕ್ಕಳು ಒಟ್ಟಾಗಿ ಒಪ್ಪಿಸುವರು. ಮೋಡ ಕವಿದರೆ ಬ್ಯಾಡ್ ಲೈಟ್. ಪೋಸ್ಟಿನವ ಬಂದರೆ ನ್ಯೂ ಬಾಲ್. ಒಲೆಗೆ ತೀರ ಹತ್ತಿರ ನಿಂತರೆ ಸಿಲ್ಲಿ ಪಾಯಿಂಟ್. ಆಕಳಿಸಿದವರು ರಿಟೈರ್ಡ್ ಹರ್ಟ್, ಚೀಲ ಎತ್ತಿಕೊಂಡು ಮನೆಗೆ ಹೋಗಬೇಕು. ಪರೀಕ್ಷೆಯ ಪ್ರಬಂಧದಲ್ಲಿ ಸ್ಫೂರ್ತಿ, ನಮ್ಮ ತಾಯಿ ದಿನವಿಡೀ ಅಡುಗೆಮನೆಯ ಸಿಲ್ಲಿ ಪಾಯಿಂಟಿನಲ್ಲಿ ನಿಲ್ಲುತ್ತಾಳೆ ಎಂದು ಇಂಗ್ಲಿಷಿನಲ್ಲಿ ಬರೆದಳು. ಆ ಪತ್ರಿಕೆಗೆ ಐವತ್ತೆರಡು ಅಂಕ ಬಂತು. ಅದರ ಮೇಲೆ ಮಕ್ಕಳ ಸಂಖ್ಯೆ ಹತ್ತೊಂಬತ್ತಕ್ಕೇರಿತು.

ಜುಲೈಯಲ್ಲಿ ಸೌಮ್ಯಳಿಗೆ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಸಂದರ್ಶನ. ಎದುರಿಗೆ ಮೂವರು ಕೂತಿದ್ದರು. ಸ್ಟ್ರೋಕ್ ಅಂದರೇನು ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಸ್ಟ್ರೋಕ್ ಈಸ್ ಬ್ಯೂಟಿಫುಲ್" ಎಂದಳು ಸೌಮ್ಯ. "ಪೇಷಂಟ್ ಈಸ್ ಡೌನ್. ದೆನ್ ಸ್ಲೋ ರಿಕವರಿ, ವಿತ್ ರನ್ನರ್."

ಮೂವರಲ್ಲಿ ಹಿರಿಯ ನರ್ಸಮ್ಮ ಕನ್ನಡಕ ತೆಗೆದು, ಕನ್ನಡದಲ್ಲಿ ಕೇಳಿದರು. "ರನ್ನರ್ ಯಾರಮ್ಮ?"

"ನಾನು ಮೇಡಂ. ಅಮ್ಮಂಗೆ ಓಡಾಡೋಕೆ ಆಗೂದಿಲ್ಲ. ಅವರ ಬದ್ಲಿಗೆ ನಾನು ಓಡೂದು."

ಸೀಟು ಸಿಕ್ಕಿತು.

ಅವಳು ಹೋದ ಮೇಲೆ ಒಲೆ ಸೀತಾರಾಮನ ಪಾಲಿಗೆ ಬಂತು. ಶ್ರಾವಣದ ಒಂದು ಸಂಜೆ, ಮಕ್ಕಳು ಒಪ್ಪಿಸುತ್ತಿರುವಾಗ, ಸುಬ್ಬಲಕ್ಷ್ಮಿ ಒಳಗೆ ನೋಡಿ ಹೇಳಿದಳು. "ಹಾಲು ಉಕ್ತಾ ಇದ್ದು."

ಸೀತಾರಾಮ ನಿಂತಲ್ಲೇ ನಿಂತ. "ಇನ್ನೊಂದ್ಸಲ ಹೇಳು."

"ಹಾಲು ಪೂರಾ ಹೋತು" ಎಂದಳು ಅವಳು. ಅವನು ಒಲೆಯ ಕಡೆ ಹೋಗಲೇ ಇಲ್ಲ. ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ. ಮಕ್ಕಳು ಅದನ್ನೂ ಪಾಠವೆಂದುಕೊಂಡು, "ಹಾಲು ಪೂರಾ ಹೋತು" ಎಂದು ಒಟ್ಟಾಗಿ ಹೇಳಿದರು.

ಅಲ್ಲಿಂದ ಕನ್ನಡ ದಿನಕ್ಕಿಷ್ಟರಂತೆ ಬಂತು, ಇಂಗ್ಲಿಷ್ ದಿನಕ್ಕಿಷ್ಟರಂತೆ ಹೋಯಿತು. ನವರಾತ್ರಿಗೆ ಅವಳ ಬಾಯಲ್ಲಿ ಒಂದೂ ಉಳಿದಿರಲಿಲ್ಲ. ಸಂಗಯ್ಯ ಸೀತಾರಾಮನನ್ನು ಎಬ್ಬಿಸಿಕೊಂಡು ಡಾಕ್ಟರ ಹತ್ತಿರ ಹೋದರು.

"ಮೊದಲಿನಂಗ ಆಗಾಕ ಏನರ ಗುಳಿಗಿ ಕೊಡ್ರಿ."

"ಮೊದಲಿನ ಹಾಗೇ ಆಗಿದ್ದಾರಲ್ಲ" ಎಂದರು ಡಾಕ್ಟರು.

"ಅದಕ್ಕೂ ಮೊದಲಿಂದಲ್ರಿ. ನಡುವಿಂದು."

ಡಾಕ್ಟರು ವಿಟಮಿನ್ ಬರೆದುಕೊಟ್ಟರು.

ಆ ವಾರವೆಲ್ಲ ಮಕ್ಕಳ ಮನೆಯವರು ಸಾಂತ್ವನ ಹೇಳಲು ಬಂದರು. ಕೈಯಲ್ಲಿ ಬಾಳೆಹಣ್ಣು, ಮೂಸಂಬಿ. ಲಕ್ವ ಹೊಡೆದಾಗ ಇಷ್ಟು ಜನ ಬಂದಿರಲಿಲ್ಲ. "ಕನ್ನಡ ವಾಪಸ್ ಬೈಂದಡ, ಪಾಪ" ಎಂದು ಅಂಗಳದಲ್ಲೇ ಪಿಸುಗುಡುವರು, ಒಳಗೆ ಬಂದು ತಲೆ ತಗ್ಗಿಸಿ ಕೂರುವರು. ಸುಬ್ಬಲಕ್ಷ್ಮಿಗೆ ಮೊದಮೊದಲು ಸಿಟ್ಟು ಬಂತು. "ಆನು ಗುಣ ಆಗಿದ್ದು ತಪ್ಪಾತನ?" ಎಂದು ಗಂಡನನ್ನು ಕೇಳಿದಳು. ಅವನು ಎದ್ದು ಹೋಗಿ ನೋಟ್‌ಬುಕ್ ತಂದ. ತನ್ನ ನೋಟ್‌ಬುಕ್ ಇದೆಯಲ್ಲ, ಸೋಮವಾರದಿಂದ ಕ್ಲಾಸು ತಾನೇ ತೆಗೆದುಕೊಳ್ಳುತ್ತೇನೆ ಎಂದ. ತೆಗೆದುಕೊಂಡ ಕೂಡ, ಎರಡು ವರ್ಷ.

ಆ ವಾರ ಕೊನೆಗೆ ಬಂದವಳು ಸಿದ್ದಾಪುರದ ಸಿದ್ದವ್ವ. ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಸುಬ್ಬಲಕ್ಷ್ಮಿ ಕೋಲೂರಿ ಎದ್ದು ಅವಳ ಪಕ್ಕ ಕೂತಳು.

"ಅಳಡ ಮಾರಾಯ್ತಿ, ಎಂಗೆ ಎಂತ ದೊಡ್ಡದು ಆಜಿಲ್ಲೆ" ಎಂದು ಬೆನ್ನು ಸವರಿದಳು. ಚಹ ಕುಡಿಸಿದಳು. ಆರು ಗಂಟೆ ಬಸ್ಸಿಗೆ ಹೊರಟವಳ ಚೀಲಕ್ಕೆ, ದಾರಿಯಲ್ಲಿ ಹಸಿವಾದರೆ ಇರಲಿ ಎಂದು, ಬಂದ ಬಾಳೆಹಣ್ಣಿನಲ್ಲಿ ಅರ್ಧ ಚಿಪ್ಪು ತುಂಬಿ ಕಳಿಸಿದಳು.